ಮೊದಲು ನೀರು, ಆಮೇಲೆ ಮೀನು: ಚೌಳು ನೀರಿನ ತೊಟ್ಟಿಯಲ್ಲಿ ಎಳೆಯ ಪಫರ್ ಮೀನಿನ ಸಾಕಣೆ



ಇಳಿತದ ಹೊತ್ತಿನಲ್ಲಿ ಗಜನಿಯ ಬಾಗಿಲಿಗೆ ಕಟ್ಟಿದ ಬಲೆಯನ್ನು ಬಿಚ್ಚಿ ಸುರುವುವಾಗ, ಸಿಗಡಿಗಳ ನಡುವೆ ಒಂದು ವಿಚಿತ್ರವಾದ ಮೀನಿನ ಮರಿ ಕಣ್ಣಿಗೆ ಬೀಳುವುದುಂಟು. ಅದರ ತಲೆ ದಪ್ಪ, ಬಾಲ ಚಿಕ್ಕದು, ಮೈಮೇಲೆ ಹುರುಪೆಯಿಲ್ಲ. ಕೈಯಿಂದ ಮುಟ್ಟಿದರೆ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುತ್ತದೆ. ಮಕ್ಕಳಿಗೆ ಇದೊಂದು ಮೋಜು. ಬಾಟಲಿಯಲ್ಲಿ ಬಾವಿಯ ನೀರು ತುಂಬಿ ಅದರೊಳಗೆ ಮೀನನ್ನು ಬಿಡುತ್ತಾರೆ, ನಾಲ್ಕು ಅನ್ನದ ಅಗುಳು ಹಾಕುತ್ತಾರೆ. ಎರಡು ಮೂರು ದಿನಗಳಲ್ಲಿ ಮೀನು ಸತ್ತು ತೇಲುತ್ತದೆ.

ಆ ಮೀನನ್ನು ಯಾರೂ ಹೊಡೆಯಲಿಲ್ಲ, ಯಾರೂ ಉಪವಾಸ ಹಾಕಬೇಕೆಂದು ಎಣಿಸಲಿಲ್ಲ. ಹಾಗಾದರೆ ಅದು ಸತ್ತುದೇಕೆ? ಈ ಪ್ರಶ್ನೆಗೆ ಉತ್ತರ ತಿಳಿದವನಿಗೆ ಒಂದು ಮೀನನ್ನಷ್ಟೇ ಅಲ್ಲ, ಒಂದು ಕೆರೆ ಮೀನನ್ನು ಸಾಕುವ ವಿದ್ಯೆಯ ಅರ್ಧ ಭಾಗ ತಿಳಿದಂತೆ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಈ ಪುಟ್ಟ ಮೀನನ್ನೇ ತೆಗೆದುಕೊಂಡಿದ್ದೇವೆ. ಶಾಲೆಯಲ್ಲಿಯೋ ಯುವಕ ಸಂಘದಲ್ಲಿಯೋ ಮನೆಯ ಜಗಲಿಯಲ್ಲಿಯೋ ಒಂದು ಗಾಜಿನ ತೊಟ್ಟಿಯನ್ನು ಇಟ್ಟುಕೊಳ್ಳುವ ಮನಸ್ಸುಳ್ಳವರು ಇದನ್ನು ಪೂರ್ತಿಯಾಗಿ ಓದಬೇಕು. ಅಂಥ ಮನಸ್ಸಿಲ್ಲದವರೂ ಎರಡನೆಯ ಭಾಗವನ್ನು ತಪ್ಪದೆ ಓದಿ, ಮನೆಯವರಿಗೆ ಓದಿ ಹೇಳಬೇಕು. ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು.

೧. ಮೀನಿನ ಪರಿಚಯ

ಇದಕ್ಕೆ ಪಫರ್ ಮೀನು ಎಂದು ಹೆಸರು. ಪಫರ್ ಎಂದರೆ ಉಬ್ಬುವುದು ಎಂದರ್ಥ. ಶತ್ರು ಬಂದಾಗ ಇದು ಗಟಗಟನೆ ನೀರು ಕುಡಿದು ಹೊಟ್ಟೆಯನ್ನು ಹಿಗ್ಗಿಸುತ್ತದೆ. ಆಗ ದೊಡ್ಡ ಮೀನಿನ ಬಾಯಿಗೆ ಇದು ಹಿಡಿಸುವುದಿಲ್ಲ. ಇದರ ಕಣ್ಣುಗಳೆರಡೂ ಬೇರೆ ಬೇರೆಯಾಗಿ ಹೊರಳುತ್ತವೆ. ಬಾಯಲ್ಲಿ ನಾಲ್ಕು ಹಲ್ಲಿನ ಫಲಕಗಳು ಕೂಡಿ ಗಿಣಿಯ ಕೊಕ್ಕಿನಂತಾಗಿವೆ. ಈ ಕೊಕ್ಕಿನಿಂದ ಅದು ಬಸವನಹುಳು, ಚಿಪ್ಪಿಕಲ್ಲು ಮತ್ತು ಏಡಿಯ ಚಿಪ್ಪನ್ನು ಒಡೆದು ತಿನ್ನುತ್ತದೆ. ನಮ್ಮ ಉಗುರು ಬೆಳೆಯುವಂತೆ ಅದರ ಹಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ. ಈ ಮಾತನ್ನು ನೆನಪಿಡಿ, ಆಹಾರದ ವಿಷಯದಲ್ಲಿ ಮತ್ತೆ ಬೇಕಾಗುತ್ತದೆ.

ಪಫರ್ ಮೀನುಗಳಲ್ಲಿ ಹಲವು ಜಾತಿಗಳಿವೆ. ಕೆಲವು ಆಳವಾದ ಕಡಲಿನವು, ಕೆಲವು ಅಳಿವೆಯವು, ಕೆಲವು ಸಿಹಿನೀರಿನವು. ಅಲಂಕಾರ ಮೀನಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಕ್ಕುವುದು ಹಸುರು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳುಳ್ಳ ಜಾತಿ. ಇದು ಶ್ರೀಲಂಕಾದಿಂದ ಇಂಡೋನೇಷ್ಯ ಮತ್ತು ಚೀನದವರೆಗಿನ ಅಳಿವೆಗಳ ಮೀನು. ವಿಜ್ಞಾನಿಗಳು ೨೦೦೪ರಲ್ಲಿ ಇದರ ವಂಶವಾಹಿಯ ಕರಡು ನಕ್ಷೆಯನ್ನು ಪ್ರಕಟಿಸಿದ್ದಾರೆ. ಇದರ ಹತ್ತಿರದ ಬಂಧುವಾದ ಮತ್ತೊಂದು ಜಾತಿ ಭಾರತದ ಅಳಿವೆಗಳಲ್ಲಿದೆ. ಗಂಗಾನದಿಯ ಮೀನುಗಳನ್ನು ಕುರಿತು ಹ್ಯಾಮಿಲ್ಟನ್ ಎಂಬಾತ ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವರ್ಣನೆಯಿದೆ. ಈ ಪಾಠ ಅಂಗಡಿಯಲ್ಲಿ ಸಿಕ್ಕುವ ಹಸುರು ಚುಕ್ಕೆಯ ಜಾತಿಯನ್ನು ಕುರಿತದ್ದು.

ಈ ಜಾತಿಯ ಮರಿಗಳು ಎರಡು ಮೂರು ಸೆಂಟಿಮೀಟರ್ ಉದ್ದವಿದ್ದಾಗ ಸಿಹಿನೀರಿನಲ್ಲಿಯೂ ಅಲ್ಪ ಉಪ್ಪಿನ ನೀರಿನಲ್ಲಿಯೂ ಇರುತ್ತವೆ. ಬೆಳೆದಂತೆ ಹೆಚ್ಚು ಉಪ್ಪು ಬೇಡುತ್ತವೆ. ಪೂರ್ತಿ ಬೆಳೆದರೆ ಸುಮಾರು ೧೫ ಸೆಂಟಿಮೀಟರ್ ಆಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕಬಲ್ಲದು. ಕರು ಕೊಳ್ಳುವಾಗ ನಾಳೆಯ ಹಸುವನ್ನು ನೋಡುವಂತೆ, ಮರಿ ಕೊಳ್ಳುವಾಗ ನಾಳೆಯ ಮೀನನ್ನು ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆರಳಿನ ಗೆಣ್ಣಿನಷ್ಟೇ ಬೆಳೆಯುವ ಒಂದು ಕುಳ್ಳ ಪಫರ್ ಇದೆ. ತಿರುವಾಂಕೂರಿನ ಈ ಮೀನನ್ನು ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ೧೯೪೧ರಲ್ಲಿ ವರ್ಣಿಸಿದರು. ಅದು ಶುದ್ಧ ಸಿಹಿನೀರಿನ ಮೀನು, ಅದಕ್ಕೆ ಉಪ್ಪು ಬೇಡ. ಅದರ ಸಂಖ್ಯೆ ಇಳಿಯುತ್ತಿರುವುದರಿಂದ ಅದನ್ನು ಹೊಳೆಯಿಂದ ಹಿಡಿದು ತರಲೂ ಬೇಡಿ. ಯಾವ ಜಾತಿಯೆಂದು ತಿಳಿಯದೆ ಯಾವ ಮೀನಿನ ನೀರಿಗೂ ಉಪ್ಪು ಹಾಕಕೂಡದು.

೨. ಇದನ್ನು ತಿನ್ನಕೂಡದು

ಪಫರ್ ಜಾತಿಯ ಬಹುಪಾಲು ಮೀನುಗಳ ಮೈಯಲ್ಲಿ ಘೋರವಾದ ವಿಷವಿದೆ. ಯಕೃತ್ತು, ಮೊಟ್ಟೆ, ಕರುಳು, ಚರ್ಮ ಇವುಗಳಲ್ಲಿ ವಿಷ ಹೆಚ್ಚು. ಕೆಲವು ಜಾತಿಗಳಲ್ಲಿ ಮಾಂಸದಲ್ಲಿಯೂ ಇರುತ್ತದೆ. ಜಪಾನಿನ ತಹಾರ ಎಂಬ ವಿಜ್ಞಾನಿ ೧೯೦೯ರಲ್ಲಿ ಇದಕ್ಕೆ ಟೆಟ್ರೊಡೊಟಾಕ್ಸಿನ್ ಎಂದು ಹೆಸರಿಟ್ಟರು. ಬೇಯಿಸಿದರೂ ಹುರಿದರೂ ಉಪ್ಪು ಹಾಕಿ ಒಣಗಿಸಿದರೂ ಈ ವಿಷ ಹೋಗುವುದಿಲ್ಲ. ಹುಣಿಸೆಹುಳಿ, ಅರಿಸಿನ ಹಾಕಿದರೂ ಹೋಗುವುದಿಲ್ಲ. ಇದಕ್ಕೆ ಪ್ರತಿವಿಷವೆಂಬ ಮದ್ದು ಇಲ್ಲ.

ಬಾಂಗ್ಲಾದೇಶದಲ್ಲಿ ೨೦೦೮ರ ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ಕಡೆ ಜನರು ಪಫರ್ ಮೀನನ್ನು ಕೊಂಡು ತಿಂದು ಕಾಯಿಲೆ ಬಿದ್ದರು. ಆಸ್ಪತ್ರೆಗೆ ಬಂದ ೧೪೧ ಜನರಲ್ಲಿ ೧೭ ಜನ ತೀರಿಕೊಂಡರು. ಅವರೂ ನಮ್ಮಂತೆ ಹಳ್ಳಿ ಪೇಟೆಗಳ ಸಾಮಾನ್ಯ ಜನರೇ. ಮೀನು ಅಗ್ಗವಾಗಿ ಸಿಕ್ಕಿತೆಂದು ಸಾರು ಮಾಡುವ ಮೊದಲು ಈ ಲೆಕ್ಕವನ್ನು ನೆನೆಯಬೇಕು.

ತಿಂದ ಸ್ವಲ್ಪ ಹೊತ್ತಿಗೆ ತುಟಿ ಮತ್ತು ನಾಲಗೆ ಜೋಮು ಹಿಡಿಯುವುದು ಮೊದಲ ಗುರುತು. ಆಮೇಲೆ ಬೆರಳುಗಳ ಜೋಮು, ವಾಂತಿ, ತಲೆ ತಿರುಗುವುದು, ಕೈಕಾಲು ಬಲಗುಂದುವುದು ಕಾಣುತ್ತವೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ರೋಗಿ ಅಲುಗಾಡದೆ ಬಿದ್ದಿದ್ದರೂ ಅವನಿಗೆ ಎಚ್ಚರವಿರಬಹುದು. ಆದ್ದರಿಂದ ಸತ್ತನೆಂದು ಕೈಬಿಡಕೂಡದು. ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಉಸಿರು ನಿಂತರೆ ಕೃತಕ ಉಸಿರಾಟ ಕೊಡುತ್ತಲೇ ಸಾಗಿಸಬೇಕು. ಆಸ್ಪತ್ರೆಯಲ್ಲಿ ಯಂತ್ರದ ಸಹಾಯದಿಂದ ಉಸಿರಾಡಿಸಿ, ವಿಷದ ಬಲ ಇಳಿಯುವವರೆಗೆ ಕಾಪಾಡಿದರೆ ಬದುಕುವ ಸಂಭವ ಹೆಚ್ಚು.

ತೊಟ್ಟಿಯಲ್ಲಿ ಸಾಕಿದ ಪಫರ್ ಸತ್ತರೆ ತಿಪ್ಪೆಗೆ ಎಸೆಯಕೂಡದು. ನಾಯಿ, ಬೆಕ್ಕು, ಕೋಳಿಗಳಿಗೆ ಸಿಕ್ಕದಂತೆ ಆಳವಾಗಿ ಹೂಳಬೇಕು. ತೊಟ್ಟಿಯ ನೀರಿನಲ್ಲಿ ಕೈಯಿಟ್ಟ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮಕ್ಕಳು ಅದರ ಬಾಯಿಯ ಬಳಿ ಬೆರಳು ಒಡ್ಡಕೂಡದು, ಚಿಪ್ಪು ಒಡೆಯುವ ಹಲ್ಲು ಬೆರಳನ್ನೂ ಕಚ್ಚೀತು.

ಬಲೆಯಲ್ಲಿ ಸಿಕ್ಕಿದ ಪಫರ್ ಮರಿಯನ್ನು ಏನು ಮಾಡಬೇಕು? ಸಿಕ್ಕಿದ ಅಳಿವೆಯ ನೀರಿಗೇ ಕೂಡಲೆ ಬಿಟ್ಟುಬಿಡಿ. ಅದು ಯಾವ ಜಾತಿಯೋ ತಿಳಿಯದು. ನಮ್ಮ ಕಡಲಂಚಿನ ಕೆಲವು ಜಾತಿಗಳು ಒಂದು ಅಡಿಗೂ ಮೀರಿ ಬೆಳೆಯುತ್ತವೆ, ಮನೆಯ ತೊಟ್ಟಿ ಅವಕ್ಕೆ ಸಾಲದು.

೩. ಚೌಳು ನೀರು ಎಂದರೇನು?

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಬಾವಿಯ ಸಿಹಿನೀರಿನಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಇವೆರಡೂ ಬೆರೆತ ನಡುವಿನ ನೀರೇ ಚೌಳು ನೀರು. ಕುಮಟಾ ಭಾಗದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹೊಳೆಯ ನೀರು ಉಪ್ಪನ್ನು ತಗ್ಗಿಸುತ್ತದೆ. ಆಗ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನ ಮೇಲೆ ಅದೇ ಗದ್ದೆಗೆ ಉಬ್ಬರದ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಪಡೆಯುತ್ತಾರೆ.

ಅಳಿವೆಯ ಮೀನಿಗೆ ಉಪ್ಪು ಏರುವುದೂ ಇಳಿಯುವುದೂ ಅಭ್ಯಾಸವೇ. ಆದರೆ ಅಳಿವೆ ದೊಡ್ಡದು. ನೀರು ಒಗ್ಗದಿದ್ದರೆ ಮೀನು ಮೇಲಕ್ಕೋ ಕೆಳಕ್ಕೋ ಈಜಿ ತನಗೆ ಹಿತವಾದ ಸ್ಥಳ ಸೇರುತ್ತದೆ. ತೊಟ್ಟಿಯಲ್ಲಿ ಓಡುವ ದಾರಿಯಿಲ್ಲ. ಆದುದರಿಂದ ಅಲ್ಲಿ ಉಪ್ಪಿನ ಹದವನ್ನು ನಾವು ಕಾಯಬೇಕು.

೪. ತೊಟ್ಟಿ ಮತ್ತು ಉಪ್ಪು

ಒಂದು ಮರಿಗೆ ೧೦೦ ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ ಬೇಕು. ೯೦ ಸೆಂಟಿಮೀಟರ್ ಉದ್ದ, ೩೫ ಸೆಂಟಿಮೀಟರ್ ಅಗಲವಿರುವ ತೊಟ್ಟಿಗೆ ೩೫ ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ ೧೧೦ ಲೀಟರ್ ಆಗುತ್ತದೆ. ಮರಳು, ಕಲ್ಲುಗಳ ಜಾಗ ಕಳೆದರೆ ೧೦೦ ಉಳಿಯುತ್ತದೆ. ನೀರೊಂದೇ ಒಂದು ಕ್ವಿಂಟಾಲ್ ಭಾರವಾದುದರಿಂದ ತೊಟ್ಟಿಯನ್ನು ಗಟ್ಟಿಯಾದ, ಸಮತಟ್ಟಾದ ಪೀಠದ ಮೇಲೆ ಇಡಬೇಕು. ನೇರ ಬಿಸಿಲು ಬೀಳಕೂಡದು. ನೀರಿನ ಉಷ್ಣತೆ ೨೪ರಿಂದ ೨೮ ಡಿಗ್ರಿ ಸೆಲ್ಸಿಯಸ್ ಇರಬೇಕು. ಕರಾವಳಿಯಲ್ಲಿ ಇದು ತಾನಾಗಿಯೇ ಇರುವುದು ಸಾಮಾನ್ಯ. ಘಟ್ಟದ ಮೇಲಿನ ಊರುಗಳಲ್ಲಿ ಚಳಿಗಾಲದಲ್ಲಿ ನೀರು ಕಾಯಿಸುವ ಸಾಧನ ಬೇಕಾಗುತ್ತದೆ.

ತಳಕ್ಕೆ ತೊಳೆದ ಮರಳು ಹಾಸಿ, ಅದರೊಡನೆ ಪುಡಿಮಾಡಿದ ಚಿಪ್ಪಿಕಲ್ಲಿನ ಚಿಪ್ಪು ಬೆರೆಸಬೇಕು. ಹುಳಿ ಮಣ್ಣಿಗೆ ನಾವು ಸುಣ್ಣ ಹಾಕುವಂತೆಯೇ ಇದು. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ನೀರು ಹುಳಿಯಾಗದಂತೆ ತಡೆಯುತ್ತದೆ. ಈ ಮೀನಿಗೆ ಸ್ವಲ್ಪ ಕ್ಷಾರದ ನೀರು, ಅಂದರೆ ಪಿಎಚ್ ೮ರ ಆಸುಪಾಸಿನ ನೀರು ಒಗ್ಗುತ್ತದೆ. ಮೀನು ಅವಿತುಕೊಳ್ಳಲು ಕಲ್ಲು ಅಥವಾ ಒಡೆದ ಮಡಕೆಯ ಚೂಪಿಲ್ಲದ ತುಂಡುಗಳನ್ನು ಇಡಬೇಕು. ನೀರು ಸೋಸುವ ಯಂತ್ರವೂ ಗಾಳಿಯ ಪಂಪೂ ಅವಶ್ಯಕ.

ಅಡಿಗೆಯ ಉಪ್ಪು ಹಾಕಿದರೆ ಸಾಲದೇ ಎಂದು ಕೇಳುವಿರಿ. ಸಾಲದು. ಸಾಣಿಕಟ್ಟದಂಥ ಉಪ್ಪಿನಾಗರಗಳಲ್ಲಿ ಹರಳುಗಟ್ಟುವುದು ಬಹುಮಟ್ಟಿಗೆ ಒಂದೇ ಲವಣ. ಕಡಲಿನ ಮೆಗ್ನೀಷಿಯಂ ಮುಂತಾದುವು ಕೊನೆಗೆ ಉಳಿಯುವ ಕಹಿನೀರಿನಲ್ಲಿ ಹೊರಟುಹೋಗುತ್ತವೆ. ಊಟಕ್ಕೆ ಅದು ಒಳ್ಳೆಯದು, ಮೀನಿಗೆ ಅರೆಕೊರೆ. ಅಂಗಡಿಗಳಲ್ಲಿ ತೊಟ್ಟಿಯ ಕಡಲುಪ್ಪು ಎಂದೇ ಮಾರುವ, ಎಲ್ಲ ಲವಣಗಳೂ ಇರುವ ಉಪ್ಪನ್ನು ಕೊಳ್ಳಬೇಕು. ಉಪ್ಪಿನ ಹದ ಅಳೆಯಲು ಹೈಡ್ರೋಮೀಟರ್ ಒಂದನ್ನೂ ಕೊಳ್ಳಬೇಕು. ನಾಲಗೆಯ ರುಚಿಯನ್ನು ನಂಬಕೂಡದು.

೫. ನೀರನ್ನು ಸಾಕುವುದು

ಈಗ ಬಾಟಲಿಯ ಮೀನು ಸತ್ತ ಕಾರಣಕ್ಕೆ ಬರೋಣ. ಮೀನು ತಿಂದದ್ದು ಹೇಸಿಗೆಯಾಗಿ ನೀರಿಗೇ ಸೇರುತ್ತದೆ. ಅದು ಉಸಿರಾಡುವ ಕಿವಿರಿನಿಂದಲೂ ಅಮೋನಿಯ ಹೊರಬರುತ್ತದೆ. ತಿನ್ನದೆ ಬಿಟ್ಟ ಅನ್ನ ಕೊಳೆತು ಅಮೋನಿಯವನ್ನು ಇನ್ನೂ ಹೆಚ್ಚಿಸುತ್ತದೆ. ಅಮೋನಿಯ ಕಿವಿರನ್ನು ಸುಡುವ ವಿಷ. ಚಿಕ್ಕ ಬಾಟಲಿಯಲ್ಲಿ ಅದು ಬಹುಬೇಗ ತುಂಬಿಕೊಳ್ಳುತ್ತದೆ. ಮೀನು ತನ್ನ ಹೇಸಿಗೆಯಲ್ಲಿ ತಾನೇ ಸಾಯುತ್ತದೆ. ಇದರ ಜೊತೆಗೆ ಚೌಳು ನೀರಿನಿಂದ ಬಾವಿಯ ನೀರಿಗೆ ಒಮ್ಮೆಲೇ ಬಿದ್ದ ಆಘಾತ ಬೇರೆ.

ಹಸಿ ಸಗಣಿಯನ್ನು ಸಸಿಯ ಬುಡಕ್ಕೆ ಸುರಿದರೆ ಸಸಿ ಸುಟ್ಟುಹೋಗುತ್ತದೆ. ಅದೇ ಸಗಣಿ ಗುಂಡಿಯಲ್ಲಿ ಕಳಿತು ಗೊಬ್ಬರವಾದರೆ ಸಸಿ ಚಿಗುರುತ್ತದೆ. ಕಳಿಯಿಸುವ ಕೆಲಸ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದು. ತೊಟ್ಟಿಯಲ್ಲಿಯೂ ಹಾಗೆಯೇ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ನಿಮ್ಮ ಬೆಳೆ ಉಣ್ಣುವ ಸಾರಜನಕದ ರೂಪವೇ. ಮೀನಿಗೆ ಇದರಿಂದ ತೊಂದರೆ ಕಡಿಮೆ. ಈ ಸೂಕ್ಷ್ಮಜೀವಿಗಳು ಸೋಸುವ ಯಂತ್ರದ ಸ್ಪಂಜಿನಲ್ಲಿ ಮತ್ತು ಮರಳಿನಲ್ಲಿ ನೆಲೆಸುತ್ತವೆ.

ಇವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಮೀನು ಇರಕೂಡದು. ನೀರು ತುಂಬಿ, ಯಂತ್ರ ನಡೆಯಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬರಬೇಕು. ಅದು ಕೊಳೆತು ಸೂಕ್ಷ್ಮಜೀವಿಗಳಿಗೆ ಉಣಿಸಾಗುತ್ತದೆ. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿಟ್ಟು ಬಳಸಬೇಕು. ಇಲ್ಲವಾದರೆ ಕ್ಲೋರಿನ್ ಈ ಜೀವಿಗಳನ್ನೇ ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಕ್ಕುವ ಪರೀಕ್ಷೆಯ ದ್ರಾವಣದಿಂದ ನೀರನ್ನು ನೋಡುತ್ತಿರಬೇಕು. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಇವೆರಡೂ ಸೊನ್ನೆಯಲ್ಲಿಯೇ ನಿಂತಾಗ ನೀರು ಹದಕ್ಕೆ ಬಂದಿತೆಂದು ತಿಳಿಯಿರಿ.

ಈ ವಿಷಯದಲ್ಲಿ ಅವಸರ ಸಲ್ಲದು. ಏಕೆಂದರೆ ಕ್ಷಾರದ ನೀರಿನಲ್ಲಿ ಅಮೋನಿಯದ ವಿಷ ಹೆಚ್ಚು. ಪಿಎಚ್ ೭ರಲ್ಲಿ ಇರುವುದಕ್ಕಿಂತ ಪಿಎಚ್ ೮ರಲ್ಲಿ ಅದರ ವಿಷಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಸಿಹಿನೀರಿನ ಮೀನು ತಾಳಿಕೊಳ್ಳುವ ತಪ್ಪನ್ನು ಚೌಳು ನೀರಿನ ಮೀನು ತಾಳಲಾರದು.

೬. ಮರಿಯನ್ನು ತರುವ ಕ್ರಮ

ಅಂಗಡಿಯಲ್ಲಿ ಚುರುಕಾಗಿ ಈಜುವ, ಕಣ್ಣು ತಿಳಿಯಾಗಿರುವ, ಹೊಟ್ಟೆ ಬಿಳುಪಾಗಿಯೂ ತುಂಬಿಯೂ ಇರುವ ಮರಿಯನ್ನು ಆರಿಸಬೇಕು. ಹೊಟ್ಟೆ ಒಳಕ್ಕೆ ಸೆಳೆದಿರುವ ಮರಿ ಬಹುಕಾಲ ಹಸಿದದ್ದು. ಹೊಟ್ಟೆ ಕಪ್ಪಗಾಗಿರುವುದು ಸಂಕಟದ ಗುರುತು. ಒಂದನ್ನು ಮಾತ್ರ ಕೊಳ್ಳಬೇಕು. ಎರಡಿದ್ದರೆ ಒಂದು ಮತ್ತೊಂದರ ರೆಕ್ಕೆ, ಬಾಲಗಳನ್ನು ಕಚ್ಚುತ್ತದೆ. ಬೇರೆ ಜಾತಿಯ ಮೀನುಗಳನ್ನೂ ಬಿಡುವುದಿಲ್ಲ.

ಮೀನನ್ನು ಬಲೆಯಿಂದ ಎತ್ತದೆ ಬಟ್ಟಲಿನಿಂದ ನೀರಿನ ಸಮೇತ ಎತ್ತುವಂತೆ ಅಂಗಡಿಯವರಿಗೆ ಹೇಳಿ. ನೀರಿನಿಂದ ಹೊರಗೆ ತೆಗೆದಾಗ ಅದು ಹೆದರಿ ಗಾಳಿಯನ್ನು ನುಂಗುತ್ತದೆ. ನುಂಗಿದ ನೀರನ್ನು ಹೊರಹಾಕುವಷ್ಟು ಸುಲಭವಾಗಿ ಗಾಳಿಯನ್ನು ಹೊರಹಾಕಲಾರದು. ನೋಡುವ ಆಸೆಗೆ ಅದನ್ನು ಉಬ್ಬಿಸುವುದು ಸಾಕುವವರ ಕೆಲಸವಲ್ಲ. ಅದು ಅದಕ್ಕೆ ಪ್ರಾಣಭಯದ ಹೊತ್ತು.

ಅಂಗಡಿಯ ನೀರಿನಲ್ಲಿ ಉಪ್ಪು ಎಷ್ಟಿತ್ತೆಂದು ಕೇಳಿ ತಿಳಿಯಬೇಕು. ಹೆಚ್ಚಿನ ಕಡೆ ಮರಿಗಳನ್ನು ಸಿಹಿನೀರಿನಲ್ಲಿಯೇ ಇಟ್ಟು ಮಾರುತ್ತಾರೆ. ಹಾಗಿದ್ದರೆ ನಿಮ್ಮ ತೊಟ್ಟಿಯಲ್ಲಿ ಮೊದಲಿಗೆ ಲೀಟರಿಗೆ ೨ ಗ್ರಾಂ ಉಪ್ಪು ಮಾತ್ರ ಇರಬೇಕು. ಮನೆಗೆ ಬಂದ ಮೇಲೆ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಡಿ. ಎರಡೂ ನೀರಿನ ಬಿಸಿ ಸಮವಾಗುತ್ತದೆ. ಆಮೇಲೆ ಚೀಲದೊಳಕ್ಕೆ ಹತ್ತು ನಿಮಿಷಕ್ಕೊಂದು ಸಣ್ಣ ಬಟ್ಟಲಿನಂತೆ ತೊಟ್ಟಿಯ ನೀರನ್ನು ಹಾಕುತ್ತ ಒಂದು ಗಂಟೆ ಕಳೆಯಬೇಕು. ಕೊನೆಗೆ ಮೀನನ್ನು ಬಟ್ಟಲಿನಲ್ಲಿ ಹಿಡಿದು ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಬೇಕು.

೭. ಉಪ್ಪಿನ ಲೆಕ್ಕ

ಮರಿಗೆ ಸದ್ಯಕ್ಕೆ ಬೇಕಾದುದು ಲೀಟರಿಗೆ ೮ ಗ್ರಾಂ. ಅಂದರೆ ಹೈಡ್ರೋಮೀಟರಿನಲ್ಲಿ ೧.೦೦೬ರ ಸುಮಾರು. ೨ರಿಂದ ೮ಕ್ಕೆ ಒಂದೇ ದಿನ ಹಾರಕೂಡದು. ಮೀನಿಗೂ ಕೆಡುಕು, ಸೂಕ್ಷ್ಮಜೀವಿಗಳಿಗೂ ಕೆಡುಕು. ವಾರಕ್ಕೆ ೨ ಗ್ರಾಂನಂತೆ ಏರಿಸಬೇಕು. ವಾರಕ್ಕೊಮ್ಮೆ ೨೫ ಲೀಟರ್ ಹಳೆಯ ನೀರು ತೆಗೆದು ಅಷ್ಟೇ ಹೊಸ ನೀರು ಹಾಕುವಾಗ ಈ ಕೆಲಸವೂ ಆಗಿಹೋಗುತ್ತದೆ. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಆರಂಭದಲ್ಲಿ ೧೦೦ ಲೀಟರಿಗೆ ೨೦೦ ಗ್ರಾಂ ಉಪ್ಪು.

ಮೊದಲನೆಯ ವಾರ ತೆಗೆದ ೨೫ ಲೀಟರಿನೊಡನೆ ೫೦ ಗ್ರಾಂ ಹೋಯಿತು. ಅದನ್ನು ತುಂಬಿ, ಮೇಲೆ ೨೦೦ ಸೇರಿಸಬೇಕು. ಹೊಸ ನೀರಿಗೆ ೨೫೦ ಗ್ರಾಂ. ತೊಟ್ಟಿ ೪ ಗ್ರಾಂ ಹದಕ್ಕೆ ಬಂತು.

ಎರಡನೆಯ ವಾರ ಹೋದದ್ದು ೧೦೦ ಗ್ರಾಂ, ಸೇರಿಸಬೇಕಾದ್ದು ೨೦೦. ಹೊಸ ನೀರಿಗೆ ೩೦೦ ಗ್ರಾಂ. ಹದ ೬ ಗ್ರಾಂ.

ಮೂರನೆಯ ವಾರ ಹೋದದ್ದು ೧೫೦, ಸೇರಿಸಬೇಕಾದ್ದು ೨೦೦. ಹೊಸ ನೀರಿಗೆ ೩೫೦ ಗ್ರಾಂ. ಹದ ೮ ಗ್ರಾಂ.

ಅಲ್ಲಿಂದ ಮುಂದೆ ಪ್ರತಿ ವಾರ ೨೫ ಲೀಟರಿಗೆ ೨೦೦ ಗ್ರಾಂ ಹಾಕಿದರೆ ಹದ ಹಾಗೆಯೇ ನಿಲ್ಲುತ್ತದೆ.

ಉಪ್ಪನ್ನು ಬಕೇಟಿನ ನೀರಿನಲ್ಲಿ ಪೂರ್ತಿ ಕರಗಿಸಿದ ಮೇಲೆಯೇ ತೊಟ್ಟಿಗೆ ನಿಧಾನವಾಗಿ ಹುಯ್ಯಬೇಕು. ಹರಳುಗಳನ್ನು ನೇರವಾಗಿ ಹಾಕಕೂಡದು. ಉಪ್ಪು ತೇವ ಹೀರಿದ್ದರೆ ತೂಕ ತಪ್ಪುತ್ತದೆ. ಆದ್ದರಿಂದ ಪ್ರತಿಸಲವೂ ಹೈಡ್ರೋಮೀಟರ್ ನೋಡಿ ಸರಿಪಡಿಸಬೇಕು. ಮೀನು ಬೆಳೆದಂತೆ ತಿಂಗಳುಗಳ ಅವಧಿಯಲ್ಲಿ ಹದವನ್ನು ಮೆಲ್ಲಮೆಲ್ಲನೆ ೨೦ ಗ್ರಾಂವರೆಗೂ ಅದಕ್ಕಿಂತ ಹೆಚ್ಚಿಗೂ ಏರಿಸಬೇಕಾಗುತ್ತದೆ.

ಇಲ್ಲಿ ಹಲವರು ಮಾಡುವ ತಪ್ಪೊಂದಿದೆ. ಬೇಸಗೆಯಲ್ಲಿ ತೊಟ್ಟಿಯ ನೀರು ಆರಿ ಇಳಿಯುತ್ತದೆ. ಅದನ್ನು ತುಂಬಲು ಉಪ್ಪುನೀರು ಹುಯ್ಯುತ್ತಾರೆ. ಆರಿಹೋದದ್ದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿದಿದೆ. ಹಾಗೆ ಮಾಡಿದರೆ ಉಪ್ಪು ದಿನೇ ದಿನೇ ಏರುತ್ತದೆ. ಆರಿದ ನೀರಿಗೆ ಬದಲು ಸಿಹಿನೀರು, ತೆಗೆದ ನೀರಿಗೆ ಬದಲು ಉಪ್ಪುನೀರು. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

೮. ಆಹಾರ

ಪಫರ್ ಮಾಂಸಾಹಾರಿ. ಅನ್ನ, ಅವಲಕ್ಕಿ, ರೊಟ್ಟಿಯ ಚೂರು ಅದಕ್ಕೆ ಆಹಾರವಲ್ಲ. ಎಳೆಯ ಮರಿಗೆ ದಿನಕ್ಕೆ ಒಂದು ಅಥವಾ ಎರಡು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಸಣ್ಣ ಬಸವನಹುಳು, ಸಿಪ್ಪೆ ಸಹಿತವಾದ ಸಿಗಡಿಯ ತುಂಡು, ಏಡಿಯ ಕಾಲು, ಚಿಪ್ಪಿಕಲ್ಲು, ಎರೆಹುಳು ಇವನ್ನು ಬದಲಾಯಿಸಿ ಬದಲಾಯಿಸಿ ಕೊಡಬಹುದು. ಮಂಗಳೂರು ಕಡೆಯವರು ಮರುವಾಯಿ ಎನ್ನುವುದೂ ಈ ಚಿಪ್ಪಿನ ಜಾತಿಯೇ. ಹೊಟ್ಟೆ ಸ್ವಲ್ಪ ದುಂಡಗಾದರೆ ಸಾಕು. ಪಫರ್ ಯಾವಾಗಲೂ ಹಸಿದಂತೆ ನಟಿಸುತ್ತದೆ, ಅದರ ಮಾತು ಕೇಳಬೇಡಿ. ತಿನ್ನದೆ ಬಿಟ್ಟ ತುಂಡನ್ನು ಕೂಡಲೇ ತೆಗೆಯಬೇಕು. ದೊಡ್ಡದಾದ ಮೇಲೆ ದಿನ ಬಿಟ್ಟು ದಿನ ಕೊಟ್ಟರೂ ಆದೀತು.

ವಾರದಲ್ಲಿ ಕೆಲವು ದಿನಗಳಾದರೂ ಚಿಪ್ಪು ಒಡೆಯುವ ಆಹಾರ ಇರಲೇಬೇಕು. ಮೆತ್ತನೆಯದನ್ನೇ ಕೊಟ್ಟರೆ ಹಲ್ಲು ಸವೆಯದೆ ಬೆಳೆದು ಬಾಯಿಯೇ ಮುಚ್ಚಿಹೋಗುತ್ತದೆ. ಎದುರಿಗೆ ಆಹಾರವಿದ್ದರೂ ಮೀನು ತಿನ್ನಲಾರದೆ ಸಾಯುತ್ತದೆ.

ಗದ್ದೆಯ ಬಸವನಹುಳುಗಳನ್ನು ಹಿಡಿದು ನೇರವಾಗಿ ಹಾಕಕೂಡದು. ಕೀಟನಾಶಕ ಸಿಂಪಡಿಸಿದ ಗದ್ದೆಯದಾದರೆ ವಿಷವೂ, ಇಲ್ಲವಾದರೆ ರೋಗದ ಜಂತುಗಳೂ ಬಂದಾವು. ಒಂದು ಮಣ್ಣಿನ ಬಾನಿಯಲ್ಲಿ ಸಿಹಿನೀರು, ಸ್ವಲ್ಪ ನೀರುಗಿಡ ಹಾಕಿ ಅಲ್ಲಿಯೇ ಸಣ್ಣ ನೀರುಹುಳುಗಳನ್ನು ಬೆಳೆಸುವುದು ಒಳ್ಳೆಯದು. ಸೊಪ್ಪಿನ ಎಲೆಯೊಂದು ಹಾಕಿದರೆ ಅವು ತಾವಾಗಿ ಹೆಚ್ಚುತ್ತವೆ.

೯. ನಿತ್ಯದ ಎಚ್ಚರಿಕೆ

ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಕೂಡದು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ಸೂಕ್ಷ್ಮಜೀವಿಗಳು ಉಳಿಯುತ್ತವೆ.

ಕರೆಂಟು ಹೋದರೆ ಆ ಹೊತ್ತಿಗೆ ಆಹಾರ ನಿಲ್ಲಿಸಬೇಕು. ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಬ್ಯಾಟರಿಯ ಪಂಪು ಇದ್ದರೆ ಇನ್ನೂ ಒಳ್ಳೆಯದು.

ಅಡಿಕೆ ತೋಟದವರಿಗೆ ವಿಶೇಷವಾಗಿ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರ ಇದೆ. ಹುರುಪೆಯಿಲ್ಲದ ಈ ಮೀನಿಗೂ ಅದರ ಆಹಾರವಾದ ಹುಳುಗಳಿಗೂ ತಾಮ್ರ ಬಹಳ ಕೆಟ್ಟದ್ದು. ದ್ರಾವಣ ಬೆರೆಸಿದ ಬಕೇಟು, ತೊಳೆಯದ ಕೈ ತೊಟ್ಟಿಗೆ ತಾಗಕೂಡದು. ಮೀನಿಗೆ ರೋಗ ಬಂದರೂ ತಾಮ್ರದ ಔಷಧ ಹಾಕಕೂಡದು.

ತೊಟ್ಟಿಯ ಹಳೆಯ ನೀರನ್ನು ತರಕಾರಿ ಮಡಿಗೆ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಸೇರುತ್ತದೆ. ಸಾಕಿ ಬೇಸರವಾಯಿತೆಂದು ಮೀನನ್ನು ಕೆರೆ, ಹೊಳೆ, ಅಳಿವೆಗಳಿಗೆ ಬಿಡಬೇಡಿ. ಬೇರೆ ಕಡೆಯ ಮೀನು ತನ್ನೊಡನೆ ಬೇರೆ ಕಡೆಯ ರೋಗವನ್ನೂ ತರುತ್ತದೆ. ಸಾಕಲಾಗದಿದ್ದರೆ ಅಂಗಡಿಗೆ ಅಥವಾ ಬಲ್ಲವರಿಗೆ ಹಿಂದಿರುಗಿಸಿ.

೧೦. ಇದರಿಂದ ರೈತನಿಗೇನು ಲಾಭ?

ಪಫರ್ ಮೀನು ಸಂತೆಗೆ ಹೋಗುವ ಮೀನಲ್ಲ. ಅದರಿಂದ ಒಂದು ಕಾಸೂ ಹುಟ್ಟುವುದಿಲ್ಲ. ಆದರೆ ಅದು ಕಲಿಸುವ ಪಾಠ ಹಣ ಉಳಿಸುತ್ತದೆ. ಚೌಳು ನೀರಿನ ಮೀನು ಕೃಷಿಗಾಗಿ ಚೆನ್ನೈಯಲ್ಲಿ ೧೯೮೭ರಲ್ಲಿ ಕೇಂದ್ರ ಸಂಶೋಧನ ಸಂಸ್ಥೆಯೊಂದು ಸ್ಥಾಪನೆಯಾಯಿತು. ಅಲ್ಲಿ ಸೀಬಾಸ್ ಮತ್ತು ಹೂಮೀನಿನ ಮರಿಗಳನ್ನು ಮೊಟ್ಟೆಯಿಂದ ಬೆಳೆಸುವ ವಿಧಾನಗಳು ಸಿದ್ಧವಾದುವು. ಇಂಥ ಮರಿಗಳನ್ನು ಕೊಂಡು ತಂದು ಹೊಂಡಕ್ಕೆ ಬಿಡುವ ರೈತರು ಹಲವರಿದ್ದಾರೆ. ಮರಿ ತಂದ ದಿನವೇ ಚೀಲ ಹರಿದು ಹೊಂಡಕ್ಕೆ ಸುರಿದವನು ಮರುದಿನ ಸತ್ತ ಮರಿಗಳನ್ನು ಎಣಿಸುತ್ತಾನೆ. ಮರಿ ಕಳಪೆಯೆಂದು ಮಾರಿದವನನ್ನು ಬಯ್ಯುತ್ತಾನೆ. ಎಷ್ಟೋ ಸಲ ಕಳಪೆಯಾದದ್ದು ಮರಿಯಲ್ಲ, ಬಿಟ್ಟ ರೀತಿ.

ತೊಟ್ಟಿಯಲ್ಲಿ ನೀವು ಕಲಿತದ್ದೇ ಹೊಂಡದಲ್ಲಿಯೂ ನಡೆಯುತ್ತದೆ. ಚೀಲದ ನೀರಿನ ಉಪ್ಪನ್ನೂ ಹೊಂಡದ ನೀರಿನ ಉಪ್ಪನ್ನೂ ಅಳೆಯುವುದು, ಸ್ವಲ್ಪ ಸ್ವಲ್ಪವಾಗಿ ಒಗ್ಗಿಸುವುದು, ಹೆಚ್ಚು ಆಹಾರ ಸುರಿದು ನೀರು ಕೆಡಿಸದಿರುವುದು, ಬೇಸಗೆಯಲ್ಲಿ ನೀರು ಆರಿದಾಗ ಉಪ್ಪು ಏರುವುದನ್ನು ಗಮನಿಸುವುದು ಎರಡು ಕಡೆಗೂ ಒಂದೇ. ತೊಟ್ಟಿಯಲ್ಲಿ ತಪ್ಪಿದರೆ ಒಂದು ಮೀನು ಹೋಗುತ್ತದೆ. ಹೊಂಡದಲ್ಲಿ ತಪ್ಪಿದರೆ ಒಂದು ವರ್ಷದ ದುಡಿಮೆ ಹೋಗುತ್ತದೆ. ಚಿಕ್ಕದರಲ್ಲಿ ಕಲಿತು ದೊಡ್ಡದರಲ್ಲಿ ನಡೆಸುವುದು ಜಾಣತನ.

ನೆನಪಿಡಬೇಕಾದ ಮಾತುಗಳು

ಪಫರ್ ಮೀನನ್ನು ಯಾವ ರೀತಿಯಲ್ಲಿಯೂ ತಿನ್ನಕೂಡದು, ಪ್ರಾಣಿಗಳಿಗೂ ಹಾಕಕೂಡದು.

ತುಟಿ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ.

ನೀರು ಹದವಾಗಲು ನಾಲ್ಕರಿಂದ ಆರು ವಾರ, ಅಲ್ಲಿಯವರೆಗೆ ಮೀನು ತರಬೇಡಿ.

ಉಪ್ಪು ವಾರಕ್ಕೆ 2 ಗ್ರಾಂ ಏರಲಿ, ಒಮ್ಮೆಲೇ ಬೇಡ.

ಆರಿದ್ದಕ್ಕೆ ಸಿಹಿನೀರು, ತೆಗೆದದ್ದಕ್ಕೆ ಉಪ್ಪುನೀರು.

ಹಲ್ಲು ಸವೆಯಲು ಚಿಪ್ಪಿನ ಆಹಾರ.

ಯುವಕ ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

೧. ಬಾಟಲಿಯ ಮೀನು ಸತ್ತುದಕ್ಕೆ ಕಾರಣಗಳೇನು?

೨. ಕಳಿತ ಗೊಬ್ಬರಕ್ಕೂ ಹದವಾದ ತೊಟ್ಟಿಯ ನೀರಿಗೂ ಏನು ಹೋಲಿಕೆ?

೩. ೨೦೦ ಲೀಟರ್ ತೊಟ್ಟಿಯಲ್ಲಿ ಲೀಟರಿಗೆ ೬ ಗ್ರಾಂ ಉಪ್ಪಿದೆ. ೫೦ ಲೀಟರ್ ತೆಗೆದು ಹೊಸ ನೀರು ಹಾಕಿ ೮ ಗ್ರಾಂ ಹದಕ್ಕೆ ತರಬೇಕಾದರೆ ಹೊಸ ನೀರಿಗೆ ಎಷ್ಟು ಉಪ್ಪು ಬೆರೆಸಬೇಕು? ಉತ್ತರ ೭೦೦ ಗ್ರಾಂ. ಹೇಗೆಂಬುದನ್ನು ಮಕ್ಕಳು ನಿಮಗೆ ತೋರಿಸಿಕೊಡಲಿ.